ಮಾಸ್ತರಿಕೆಗೆ ಹೊರದೇಶಕ್ಕೆ ಹೊರಟ ಸಲಿಂಗಿಗಳ ಪ್ರಶ್ನೆಗಳು

ಭಟ್ಕಳದಿಂದ ಕಾರವಾರದವರೆಗೆ ಗಲ್ಫ್‌ಗೆ ಒಬ್ಬರನ್ನಾದರೂ ಕಳಿಸದ ಊರು ಸಿಗುವುದು ಕಷ್ಟ. ಹಾಗೆ ಹೋಗುವವರಲ್ಲಿ ಮಾಸ್ತರುಗಳೂ ಅಕ್ಕೋರುಗಳೂ ಇದ್ದಾರೆ. ಅವರಲ್ಲಿ ಕೆಲವರು ಸಲಿಂಗಿಗಳು. ಈ ಸಲ ಬಂದ ಪತ್ರಗಳಲ್ಲಿ ಆರು ಇದೇ ವಿಷಯದ್ದಾದ್ದರಿಂದ ಇಡೀ ಅಂಕಣವನ್ನು ಅವಕ್ಕೇ ಕೊಟ್ಟಿದ್ದೇವೆ. ಬರೆದವರ ಹೆಸರು ಕೈಬಿಟ್ಟಿದ್ದೇವೆ.

ಪ್ರಶ್ನೆ: ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನಾನು ಸಲಿಂಗಿ ಎಂಬುದು ಮನೆಯವರಿಗೂ ಸಹೋದ್ಯೋಗಿಗಳಿಗೂ ಗೊತ್ತು. ಆರು ವರ್ಷದಿಂದ ಸಂಗಾತಿ ಇದ್ದಾನೆ, ಇನ್‌ಸ್ಟಾಗ್ರಾಮ್‌ನಲ್ಲಿ ನಮ್ಮಿಬ್ಬರ ಫೋಟೊಗಳಿವೆ. ದುಬೈನ ಒಂದು ಸಿಬಿಎಸ್‌ಇ ಶಾಲೆಯಿಂದ ಆಫರ್ ಬಂದಿದೆ. ಇಲ್ಲಿ ಇಷ್ಟು ಕಷ್ಟಪಟ್ಟು ಎಲ್ಲರಿಗೂ ಹೇಳಿಕೊಂಡವನು ಅಲ್ಲಿ ಮತ್ತೆ ಬಚ್ಚಿಟ್ಟುಕೊಂಡು ಬದುಕಬೇಕೇ? ಶಾಲೆಯವರಿಗೆ ಮೊದಲೇ ಹೇಳಿಬಿಡಲೇ?
— ಕುಮಟಾ

ಉತ್ತರ: ಶಾಲೆಗೆ ಹೇಳಬೇಡಿ. ಪ್ರಿನ್ಸಿಪಾಲರು ನಮ್ಮ ಕಡೆಯವರೇ ಆಗಿದ್ದರೂ, ಸಂದರ್ಶನದಲ್ಲಿ ಎಷ್ಟೇ ಆತ್ಮೀಯವಾಗಿ ಮಾತಾಡಿದ್ದರೂ ಬೇಡ. ಅವರು ಒಳ್ಳೆಯವರಿರಬಹುದು, ಆದರೆ ನಿಮ್ಮನ್ನು ಕಾಯುವ ಶಕ್ತಿ ಅವರಿಗಿಲ್ಲ. ಯುಎಇಯಲ್ಲಿ ಗಂಡು-ಗಂಡಿನ ಲೈಂಗಿಕ ಸಂಬಂಧ ಶಿಕ್ಷಾರ್ಹ ಅಪರಾಧ. 2020ರ ತಿದ್ದುಪಡಿಯ ನಂತರ ಮದುವೆಯಾಗದ ಗಂಡು-ಹೆಣ್ಣು ಒಂದೇ ಮನೆಯಲ್ಲಿರುವುದು ಅಲ್ಲಿ ಅಪರಾಧವಲ್ಲ. ಆ ಸಡಿಲಿಕೆ ನಿಮಗೂ ಸಲ್ಲುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಮೇಲಾಗಿ 2022ರಲ್ಲಿ ಅಲ್ಲಿನ ಶಿಕ್ಷಣ ಸಚಿವಾಲಯ ಹೊರಡಿಸಿದ ವೃತ್ತಿ ಸಂಹಿತೆ, ಲಿಂಗ ಗುರುತು ಮತ್ತು ಸಲಿಂಗಕಾಮದ ಬಗ್ಗೆ ಶಿಕ್ಷಕರು ತರಗತಿಯಲ್ಲಿ ಮಾತಾಡುವುದನ್ನೇ ನಿಷೇಧಿಸಿದೆ. ಸಲಿಂಗ ಸಂಬಂಧ ಅಪರಾಧವಲ್ಲ ಎಂದ 2018ರ ಸೆಪ್ಟೆಂಬರ್ 6ರ ನಮ್ಮ ಸುಪ್ರೀಂ ಕೋರ್ಟ್ ತೀರ್ಪು ಕುಮಟೆಯಲ್ಲಿ ನಿಮ್ಮ ಬೆನ್ನಿಗಿದೆ, ದುಬೈಯಲ್ಲಿ ಇಲ್ಲ.

ಬಚ್ಚಿಟ್ಟುಕೊಳ್ಳುವುದು ಎಂದಿರಿ. ಮನೆಯವರಿಗೆ ಹೆದರಿ ಬಚ್ಚಿಡುವುದೇ ಬೇರೆ, ಪರದೇಶದ ಕಾನೂನು ಗೊತ್ತಿದ್ದು ಬಾಯಿ ಕಟ್ಟಿಕೊಳ್ಳುವುದೇ ಬೇರೆ. ನೀವು ಯಾರೆಂಬುದು ನಿಮ್ಮವರಿಗೆಲ್ಲ ಗೊತ್ತಿದೆ. ಅದನ್ನು ಯಾರೂ ಕಸಿದುಕೊಳ್ಳುವುದಿಲ್ಲ. ಹಾಗಿದ್ದರೂ ವರ್ಷಗಟ್ಟಲೆ ಬಾಯಿ ಕಟ್ಟಿಕೊಂಡಿರುವುದು ಮೈಮನಸ್ಸನ್ನು ತಿನ್ನುತ್ತದೆ. ಈ ನಷ್ಟವನ್ನೂ ಸಂಬಳದ ಲೆಕ್ಕಕ್ಕೆ ಸೇರಿಸಿಯೇ ತೀರ್ಮಾನ ಮಾಡಿ. ಬೇಡ ಅನ್ನಿಸಿದರೆ ಆಫರ್ ಬಿಡುವುದರಲ್ಲಿ ಅವಮಾನವಿಲ್ಲ.

ಹೋಗುವುದೇ ಆದರೆ ಕೆಲಸ ಫೋನಿನಿಂದ ಶುರುವಾಗಬೇಕು. ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ, ಕನಿಷ್ಠ ಎರಡು ವಾರ ಬೇಕು. ಇನ್‌ಸ್ಟಾಗ್ರಾಮ್ ಖಾತೆಯನ್ನು ಪ್ರೈವೇಟ್ ಮಾಡಿದರೆ ಸಾಲದು. ಗೆಳೆಯರು ತಮ್ಮ ಖಾತೆಯಲ್ಲಿ ಹಾಕಿ ನಿಮ್ಮನ್ನು ಟ್ಯಾಗ್ ಮಾಡಿದ ಫೋಟೊಗಳು ಎಲ್ಲರಿಗೂ ಕಾಣುತ್ತಲೇ ಇರುತ್ತವೆ. ಒಂದೊಂದನ್ನೇ ತೆರೆದು ಟ್ಯಾಗ್ ತೆಗೆಯಿರಿ, ತೆಗೆದುಹಾಕುವಂತೆ ಗೆಳೆಯರನ್ನೂ ಕೇಳಿ. ನಿಮ್ಮ ಪೂರ್ತಿ ಹೆಸರು, ಹೆಸರಿನ ಜೊತೆ ಶಾಲೆ, ಹೆಸರಿನ ಜೊತೆ ಊರು, ಹೀಗೆ ಮೂರು ಬಗೆಯಲ್ಲಿ ಗೂಗಲ್‌ನಲ್ಲಿ ಹುಡುಕಿ ನೋಡಿ. ಹೊಸ ಮಾಸ್ತರು ಬಂದರೆಂದರೆ ಹತ್ತನೇ ತರಗತಿಯ ಮಕ್ಕಳು ಮೊದಲ ದಿನವೇ ಇದನ್ನು ಮಾಡುತ್ತಾರೆ.

ಫೋನಿಗಿಂತ ಹೆಚ್ಚು ಎಡವಟ್ಟಾಗುವುದು ತರಗತಿಯ ಸ್ಮಾರ್ಟ್‌ಬೋರ್ಡ್‌ನಲ್ಲಿ. ಸ್ವಂತ ಲ್ಯಾಪ್‌ಟಾಪನ್ನು ಬೋರ್ಡಿಗೆ ಜೋಡಿಸಿ ತ್ರಿಕೋನಮಿತಿ ತೋರಿಸುತ್ತಿರುವಾಗ ಮೂಲೆಯಲ್ಲಿ ವಾಟ್ಸ್‌ಆ್ಯಪ್ ಸಂದೇಶ ಮೂಡುತ್ತದೆ. ಇಲ್ಲವೇ ಗೂಗಲ್ ಫೋಟೋಸ್ ‘ನಾಲ್ಕು ವರ್ಷದ ಹಿಂದೆ ಇದೇ ದಿನ’ ಎಂದು ಗೋಕರ್ಣದ ಬೀಚಿನಲ್ಲಿ ನೀವಿಬ್ಬರೂ ನಿಂತ ಚಿತ್ರ ತೋರಿಸುತ್ತದೆ. ನಲವತ್ತು ಮಕ್ಕಳು ಏಕಕಾಲಕ್ಕೆ ನೋಡಿದ್ದನ್ನು ಅಳಿಸಲಾಗದು. ಆದ್ದರಿಂದ ಪಾಠಕ್ಕೆ ಬೇರೆಯೇ ಇಮೇಲ್ ಖಾತೆ, ಬೇರೆಯೇ ಬ್ರೌಸರ್ ಪ್ರೊಫೈಲ್ ಮಾಡಿಕೊಳ್ಳಿ. ಆ ಲ್ಯಾಪ್‌ಟಾಪಿನಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆಯಲೇಬೇಡಿ. ಶಾಲೆಯೇ ಕೊಟ್ಟ ಲ್ಯಾಪ್‌ಟಾಪ್ ಮತ್ತು ವೈಫೈಯಲ್ಲಿ ನೀವು ಮಾಡುವುದೆಲ್ಲ ಶಾಲೆಯ ಕಣ್ಣಿಗೆ ಬೀಳಬಹುದು ಎಂದೇ ಎಣಿಸಿ. ಫೋಟೊಗಳನ್ನು ಪೆನ್‌ಡ್ರೈವಿಗೆ ಹಾಕಿ ಮನೆಯಲ್ಲಿಟ್ಟು, ಫೋನಿನಿಂದಲೂ ಕ್ಲೌಡ್‌ನಿಂದಲೂ ಅಳಿಸಿ. ಬರೀ ಫೋನಿನಿಂದ ಅಳಿಸಿದರೆ ಹೊಸ ಫೋನಿಗೆ ಲಾಗಿನ್ ಆದ ಕೂಡಲೇ ಎಲ್ಲ ಮತ್ತೆ ಬಂದು ಕೂರುತ್ತವೆ. ವಾಟ್ಸ್‌ಆ್ಯಪ್‌ನ ಹಳೆಯ ಬ್ಯಾಕಪ್‌ಗೂ ಇದೇ ಮಾತು.

ಗ್ರೈಂಡರ್‌ನಂಥ ಡೇಟಿಂಗ್ ಆ್ಯಪ್‌ಗಳು ಯುಎಇಯಲ್ಲಿ ಬಂದ್. ವಿಪಿಎನ್ (ನೀವಿರುವ ಜಾಗ ಮರೆಸುವ ಆ್ಯಪ್) ಹಾಕಿ ತೆರೆಯಬಹುದಲ್ಲ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಅಪರಾಧ ಎಸಗಲು ಅಥವಾ ಮುಚ್ಚಿಡಲು ವಿಪಿಎನ್ ಬಳಸಿದರೆ ಅಲ್ಲಿನ ಸೈಬರ್ ಕಾನೂನಿನಲ್ಲಿ 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡವಿದೆ. ಇಂಥ ಆ್ಯಪ್‌ಗಳು ನೀವು ಎಷ್ಟು ಮೀಟರ್ ದೂರದಲ್ಲಿದ್ದೀರಿ ಎಂದು ತೋರಿಸುತ್ತವೆ. ಮೂರು ಕಡೆ ನಿಂತು ಆ ದೂರ ಅಳೆದರೆ ನಿಮ್ಮ ಕಟ್ಟಡವೇ ಗೊತ್ತಾಗುತ್ತದೆ. ಪೊಲೀಸರೇ ಆ್ಯಪ್‌ನಲ್ಲಿ ಸಲಿಂಗಿಗಳಂತೆ ಮಾತಾಡಿ ಬಲೆಗೆ ಬೀಳಿಸಿದ್ದು ಈಜಿಪ್ಟ್‌ನಲ್ಲಿ ಮತ್ತೆ ಮತ್ತೆ ದಾಖಲಾಗಿದೆ. ಹೊರಡುವ ಮೊದಲು ಖಾತೆಯನ್ನೇ ಡಿಲೀಟ್ ಮಾಡಿ. ಆ್ಯಪ್ ತೆಗೆದರೆ ಖಾತೆ ಹೋಗುವುದಿಲ್ಲ.

ಸಂಗಾತಿಯೊಡನೆ ಮಾತಿಗೆ: ವಾಟ್ಸ್‌ಆ್ಯಪ್ ಕರೆ ಯುಎಇಯಲ್ಲಿ ಸಾಮಾನ್ಯವಾಗಿ ಹತ್ತುವುದಿಲ್ಲ. ಬೋಟಿಮ್, ಜೂಮ್, ಗೂಗಲ್ ಮೀಟ್ ನಡೆಯುತ್ತವೆ. ಹೊರಡುವ ಮೊದಲೇ ಇಬ್ಬರೂ ಹಾಕಿಕೊಂಡು ಒಮ್ಮೆ ಮಾತಾಡಿ ನೋಡಿ.

ಇನ್ನು, ಸ್ಟಾಫ್‌ರೂಮಿನಲ್ಲೂ ಪಾಲಕರ ಸಭೆಯಲ್ಲೂ ತಪ್ಪದೆ ಬರುವ ಪ್ರಶ್ನೆ: ‘ಮದುವೆ ಆಗಿದೆಯಾ ಸರ್?’ ಇಲ್ಲದ ಹೆಂಡತಿಯನ್ನು ಸೃಷ್ಟಿಸಬೇಡಿ. ಆ ಸುಳ್ಳಿಗೆ ಹೆಸರು ಬೇಕಾಗುತ್ತದೆ, ಫೋಟೊ ಬೇಕಾಗುತ್ತದೆ, ಆಮೇಲೆ ಮಕ್ಕಳೂ ಬೇಕಾಗುತ್ತವೆ. ವೀಸಾ ಕಾಗದದಲ್ಲಿ ಅವಿವಾಹಿತ ಎಂದಿರುವಾಗ ಬಾಯಲ್ಲಿ ಬೇರೆ ಮಾತು ಬಂದರೆ ಅನುಮಾನ ಹುಟ್ಟುವುದು ಅಲ್ಲಿಂದಲೇ. ‘ಇಲ್ಲ, ಊರಲ್ಲಿ ಮನೆ ಜವಾಬ್ದಾರಿ ಇದೆ’ ಎಂದು ಒಂದೇ ವಾಕ್ಯ, ಪ್ರತಿಸಲವೂ ಅದೇ ವಾಕ್ಯ. ಎರಡು ತಿಂಗಳಲ್ಲಿ ಜನ ಕೇಳುವುದನ್ನು ಬಿಡುತ್ತಾರೆ. ತರಗತಿಯ ಅಲಂಕಾರದ ಬಗ್ಗೆಯೂ ಒಂದು ಮಾತು. ಸೌದಿಯಲ್ಲಿ 2022ರ ಜೂನ್‌ನಲ್ಲಿ ಅಧಿಕಾರಿಗಳು ಅಂಗಡಿಗಳಿಂದ ಕಾಮನಬಿಲ್ಲಿನ ಬಣ್ಣದ ಆಟಿಕೆ, ಬಟ್ಟೆಗಳನ್ನು ತೆಗೆಸಿದ್ದರು. ಐಡಿ ಕಾರ್ಡಿನ ದಾರ, ನೀರಿನ ಬಾಟಲಿಯ ಸ್ಟಿಕರ್, ಚಾರ್ಟಿನ ಅಂಚು, ಇಂಥವನ್ನು ಒಮ್ಮೆ ನೋಡಿಕೊಳ್ಳಿ.

ವಾಸಕ್ಕೆ ಭಯ ಬೇಡ. ಗಲ್ಫ್‌ನಲ್ಲಿ ಇಬ್ಬರು ಮೂವರು ಗಂಡಸರು ಒಂದು ಫ್ಲ್ಯಾಟ್ ಹಂಚಿಕೊಳ್ಳುವುದು ದಿನನಿತ್ಯದ ಸಂಗತಿ, ಯಾರೂ ತಿರುಗಿ ನೋಡುವುದಿಲ್ಲ. ಆದರೆ ಶಾಲೆ ಕೊಡುವ ಮನೆ ಹಂಚಿಕೊಂಡಿರುವ ರೂಮೋ ಬೇರೆ ರೂಮೋ ಎಂದು ಸಹಿಗೆ ಮೊದಲು ಬರಹದಲ್ಲಿ ಕೇಳಿ. ಸಂಜೆ ಹೊತ್ತು ಬಾಗಿಲು ಹಾಕಿಕೊಂಡು ಮಾತಾಡಲು ಒಂದು ಕೋಣೆ ಇರುವುದು ನಿಮಗೆ ಸಂಬಳದಷ್ಟೇ ಮುಖ್ಯ. ಸಂಗಾತಿ ಪ್ರವಾಸಿ ವೀಸಾದಲ್ಲಿ ಬಂದುಹೋಗಬಹುದು. ಅವರನ್ನು ಫ್ಯಾಮಿಲಿ ವೀಸಾದಲ್ಲಿ ಕರೆಸಿಕೊಳ್ಳುವ ದಾರಿ ಇಲ್ಲ.

ಒಪ್ಪಂದದಲ್ಲಿ ಮೂರು ಕಡೆ ಗುರುತು ಹಾಕಿ ಓದಿ. ಪ್ರೊಬೇಶನ್ ಆರು ತಿಂಗಳು ಮೀರುವಂತಿಲ್ಲ. ಆ ಅವಧಿಯಲ್ಲಿ ತೆಗೆದುಹಾಕಬೇಕಾದರೆ ಶಾಲೆ 14 ದಿನದ ನೋಟಿಸ್ ಕೊಡಬೇಕು. ವಾಪಸ್ ಟಿಕೆಟ್ ಯಾರದೆಂಬುದು ಬರೆದಿರಬೇಕು. ಪಾಸ್‌ಪೋರ್ಟ್ ಶಾಲೆ ಇಟ್ಟುಕೊಳ್ಳುವುದು ಅಲ್ಲಿನ ನಿಯಮಕ್ಕೆ ವಿರುದ್ಧ, ವೀಸಾ ಕೆಲಸಕ್ಕೆ ಕೊಟ್ಟರೆ ವಾಪಸ್ ಕೇಳಿ ಪಡೆಯಿರಿ. ಗೋವಾಕ್ಕೋ ಮಂಗಳೂರಿಗೋ ಒಂದು ಟಿಕೆಟ್ ಮತ್ತು ಎರಡು ತಿಂಗಳ ಖರ್ಚಿನ ಹಣ ಭಾರತದ ಖಾತೆಯಲ್ಲೇ ಇರಲಿ. ಆ ಖಾತೆಗೆ ಜೋಡಿಸಿದ ಸಿಮ್‌ಗೆ ರೀಚಾರ್ಜ್ ತಪ್ಪಬಾರದು. ಸಿಮ್ ಸತ್ತರೆ ಒಟಿಪಿ ಬರುವುದಿಲ್ಲ, ಹಣವಿದ್ದೂ ಇಲ್ಲದಂತೆ.

ಪ್ರಶ್ನೆ: ಮಗ ದೋಹಾಕ್ಕೆ ವಿಜ್ಞಾನ ಕಲಿಸಲು ಹೋಗುವವನಿದ್ದಾನೆ. ಹೋದ ವರ್ಷ ತನಗೆ ಹುಡುಗಿಯರ ಮೇಲೆ ಮನಸ್ಸಿಲ್ಲ ಎಂದು ಹೇಳಿ ಅತ್ತ. ಹೋಗುವ ಮೊದಲು ಒಂದು ಮದುವೆ ಮಾಡಿ, ಹೆಂಡತಿಯನ್ನೂ ಜೊತೆಗೆ ಕಳಿಸಿದರೆ ಅವನಿಗೂ ರಕ್ಷಣೆ, ಮನಸ್ಸೂ ಬದಲಾದೀತು ಎಂದು ನೆಂಟರು ಹೇಳುತ್ತಾರೆ.
— ಅಂಕೋಲಾ

ಉತ್ತರ: ಅಮ್ಮಾ, ಮಗ ನಿಮ್ಮ ಎದುರು ಅತ್ತ ಎಂದರೆ ನಿಮ್ಮನ್ನು ಅಷ್ಟು ನಂಬಿದ್ದಾನೆ. ಆ ನಂಬಿಕೆಯನ್ನು ದಯವಿಟ್ಟು ಉಳಿಸಿಕೊಳ್ಳಿ.

ಮದುವೆಯಿಂದ ಮನಸ್ಸು ಬದಲಾಗುವುದಿಲ್ಲ, ಏಕೆಂದರೆ ಇದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದೇ ಇದನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿತು. ಭಾರತೀಯ ಮನೋವೈದ್ಯರ ಸಂಘವೂ 2018ರಲ್ಲಿ ಇದನ್ನೇ ಹೇಳಿತು. ‘ಸರಿಮಾಡುತ್ತೇನೆ’ ಎಂದು ಚಿಕಿತ್ಸೆ ಕೊಡುವುದು ವೈದ್ಯರ ವೃತ್ತಿದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸ್ಪಷ್ಟಪಡಿಸಿದೆ. ಹಾಗೆ ಹೇಳುವವರ ಬಳಿ ಕರೆದೊಯ್ಯಬೇಡಿ.

ಆ ಹುಡುಗಿಯನ್ನು ಒಂದು ಗಳಿಗೆ ನೆನೆಯಿರಿ. ಅವಳೂ ಯಾರದೋ ಮಗಳು. ಭಾಷೆ ತಿಳಿಯದ ಊರಿನಲ್ಲಿ, ಅವನ ವೀಸಾದ ಮೇಲೆ, ಅವನ ಹೊರತು ಯಾರೂ ಇಲ್ಲದೆ ಇರಬೇಕಾದವಳು. ಸತ್ಯ ತಿಳಿದ ದಿನ ಅವಳು ಎಲ್ಲಿಗೆ ಹೋಗಬೇಕು? ಮುಖ್ಯ ಸಂಗತಿ ಮುಚ್ಚಿಟ್ಟು ಒಪ್ಪಿಗೆ ಪಡೆದಿದ್ದರೆ ಹಿಂದೂ ವಿವಾಹ ಕಾಯ್ದೆಯ 12ನೇ ಕಲಮಿನಡಿ ಮದುವೆ ರದ್ದು ಕೋರಲು ಅವಳಿಗೆ ಹಕ್ಕಿದೆ. ಅದಕ್ಕೆ ಕೋರ್ಟು ಹತ್ತುವಾಗ ನಿಮ್ಮ ಮಗನ ವಿಷಯ ಕಾಗದದ ಮೇಲೆ ಬರುತ್ತದೆ. ಕತಾರ್‌ನಲ್ಲಿ ಗಂಡಸರ ನಡುವಿನ ಸಂಬಂಧಕ್ಕೆ ಜೈಲು ಶಿಕ್ಷೆ ಇದೆ. ರಕ್ಷಣೆಗೆಂದು ಮಾಡಿದ್ದೇ ಅವನ ಗುಟ್ಟನ್ನು ಬಯಲಿಗೆ ತಂದಂತಾಗುತ್ತದೆ.

ನೀವು ಮಾಡಬಹುದಾದದ್ದು ಬೇರೆ ಇದೆ. ವಾರಕ್ಕೊಂದು ದಿನ ಅವನು ಮುಚ್ಚುಮರೆ ಇಲ್ಲದೆ ಮಾತಾಡಬಹುದಾದ ಒಬ್ಬರು ಊರಲ್ಲಿ ಇರಬೇಕು. ಅದು ನೀವಾಗಿ. ನಿಮಗೇ ಯಾರೊಡನಾದರೂ ಮಾತಾಡಬೇಕೆನ್ನಿಸಿದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲಿ ಮಾತಾಡುತ್ತಾರೆ, ಹಣವಿಲ್ಲ.

ಪ್ರಶ್ನೆ: ನನ್ನ ಸಂಗಾತಿ ಕುವೈತ್‌ನಲ್ಲಿ ಶಿಕ್ಷಕ. ನಾನು ಇಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಅವನಿಗೆ ಅಲ್ಲಿ ಏನಾದರೂ ಆದರೆ ನನಗೆ ತಿಳಿಸುವವರು ಯಾರು? ಅವನ ಹಣ, ಇಲ್ಲಿಯ ಮನೆ, ಇವುಗಳಲ್ಲಿ ನನ್ನ ಹೆಸರು ಎಲ್ಲಿ ಬರೆಸಬಹುದು?
— ಶಿರಸಿ

ಉತ್ತರ: 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ವಿವಾಹದ ಹಕ್ಕನ್ನು ಒಪ್ಪಲಿಲ್ಲ. ಆದ್ದರಿಂದ ಕಾನೂನಿನ ಕಣ್ಣಿನಲ್ಲಿ ನೀವಿಬ್ಬರೂ ಸಂಬಂಧಿಗಳಲ್ಲ. ಆದರೂ ಕಾಗದದಿಂದ ಸಾಕಷ್ಟು ಮಾಡಿಕೊಳ್ಳಬಹುದು, ಅವರು ರಜೆಯಲ್ಲಿ ಬಂದಾಗ ಒಂದೇ ವಾರದಲ್ಲಿ ಮುಗಿಸಬಹುದು.

ಬ್ಯಾಂಕಿನಿಂದ ಶುರುಮಾಡಿ. ಸಲಿಂಗಿ ಸಂಗಾತಿಗಳು ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಹಣಕಾಸು ಸಚಿವಾಲಯ 2024ರ ಆಗಸ್ಟ್ 28ರಂದು ಸ್ಪಷ್ಟಪಡಿಸಿದೆ. ಶಾಖೆಯಲ್ಲಿ ‘ರಕ್ತಸಂಬಂಧಿಯೇ ಬೇಕು’ ಎಂದರೆ ಆ ದಿನಾಂಕ ಹೇಳಿ, ಕೊಡುವುದಿಲ್ಲವೆಂದು ಬರೆದುಕೊಡಿ ಎಂದು ಕೇಳಿ.

ಇಲ್ಲಿ ಬಹಳ ಜನ ಮೋಸಹೋಗುವ ಜಾಗವಿದೆ. ನಾಮಿನಿ ಎಂದರೆ ಹಣದ ಒಡೆಯ ಅಲ್ಲ. ಬ್ಯಾಂಕು ನಿಮ್ಮ ಕೈಗೆ ಕೊಡುತ್ತದೆ, ಆದರೆ ವಾರಸುದಾರರು ಕೇಳಿದರೆ ನೀವು ಅವರಿಗೆ ಕೊಡಬೇಕು. ಹಣ ನಿಮ್ಮದೇ ಆಗಬೇಕಾದರೆ ಉಯಿಲು ಬೇಕು. ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ, ನೋಂದಣಿ ಕಡ್ಡಾಯವಲ್ಲ. ಬರೆದವರ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು. ನೀವು ಸಾಕ್ಷಿ ಹಾಕಬೇಡಿ. ಹಾಕಿದರೆ ಮುಂದೆ ಉಯಿಲಿನ ಮೇಲೆ ಅನುಮಾನ, ತಕರಾರು ಏಳಬಹುದು. ಮುಂದೆ ತಕರಾರು ಬರುವ ಮನೆತನವಾದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿಬಿಡಿ. ಪಿತ್ರಾರ್ಜಿತ ಜಮೀನಿನಲ್ಲಿ ಅವರ ಪಾಲು ಎಷ್ಟೋ ಅಷ್ಟನ್ನೇ ಬರೆಯಬಹುದು, ಇಡೀ ತೋಟವನ್ನಲ್ಲ.

ಸುದ್ದಿ ತಿಳಿಯುವ ವಿಷಯ. ಪಾಸ್‌ಪೋರ್ಟ್ ಅರ್ಜಿಯಲ್ಲೂ ಶಾಲೆಯ ದಾಖಲೆಯಲ್ಲೂ ತುರ್ತು ಸಂಪರ್ಕದ ಜಾಗವಿದೆ. ಶಾಲೆಯಲ್ಲಿ ನಿಮ್ಮನ್ನು ‘ಸೋದರಸಂಬಂಧಿ’ ಎಂದು ಬರೆಸುವ ರೂಢಿಯಿದೆ, ಆ ಸುಳ್ಳು ಬೇಡ. ‘ಕುಟುಂಬದ ಸ್ನೇಹಿತ’ ಎಂದರೆ ಸಾಕು, ಅದು ನಿಜವೂ ಹೌದು. ಕುವೈತ್‌ನಲ್ಲಿ ಗಂಡಸರ ನಡುವಿನ ಸಂಬಂಧಕ್ಕೆ ಏಳು ವರ್ಷದವರೆಗೆ ಜೈಲು ಇದೆ, ಹಾಗಾಗಿ ಕಾಗದದಲ್ಲಿ ‘ಸಂಗಾತಿ’ ಎಂಬ ಪದ ಎಲ್ಲಿಯೂ ಬೇಡ. ಅವರ ಪಾಸ್‌ಪೋರ್ಟ್, ಸಿವಿಲ್ ಐಡಿ, ಒಪ್ಪಂದ, ವಿಮೆ ಕಾರ್ಡ್, ಈ ನಾಲ್ಕರ ಪ್ರತಿ ನಿಮ್ಮ ಬಳಿ ಇರಲಿ. ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ದೂರು ಹಾಕುವಾಗ ಇವನ್ನೇ ಕೇಳುತ್ತಾರೆ.

ಒಂದು ಕಹಿ ಮಾತು ಹೇಳಲೇಬೇಕು. ಸಾವು ಸಂಭವಿಸಿದರೆ ಶವ ತರಿಸಲು ರಾಯಭಾರ ಕಚೇರಿ ಹತ್ತಿರದ ಸಂಬಂಧಿಯ ಒಪ್ಪಿಗೆ ಪತ್ರ ಕೇಳುತ್ತದೆ. ಅದನ್ನು ನೀವು ಕೊಡಲಾಗದು. ಅವರ ಮನೆಯಲ್ಲಿ ನಿಮ್ಮನ್ನು ಬಲ್ಲ, ನಿಮ್ಮ ಫೋನ್ ಎತ್ತುವ ಒಬ್ಬರು, ತಂಗಿಯೋ ಭಾವನೋ, ಇರುವಂತೆ ಈಗಿನಿಂದಲೇ ನೋಡಿಕೊಳ್ಳಿ.

ಪ್ರಶ್ನೆ: ನಾನು ಲೆಸ್ಬಿಯನ್, ಇಂಗ್ಲಿಷ್ ಶಿಕ್ಷಕಿ. ಮಾಲ್ಡೀವ್ಸ್‌ನಿಂದ ಕರೆ ಬಂದಿದೆ. ಹೆಂಗಸರ ಮೇಲೆ ಕಾನೂನು ಇಲ್ಲ ಎನ್ನುತ್ತಾರೆ, ಹೌದೇ? ಬೇರೆ ಯಾವ ದೇಶ ನೋಡಬಹುದು?
— ಹೊನ್ನಾವರ

ಉತ್ತರ: ಅಲ್ಲ. ಮಾಲ್ಡೀವ್ಸ್‌ನಲ್ಲಿ 2015ರಿಂದ ಜಾರಿಯಲ್ಲಿರುವ ದಂಡಸಂಹಿತೆ ಹೆಂಗಸರಿಗೂ ಅನ್ವಯಿಸುತ್ತದೆ. ರೆಸಾರ್ಟಿನ ಮಾಲ್ಡೀವ್ಸ್ ನೋಡಿ ಬಂದವರ ಮಾತು ನಂಬಬೇಡಿ. ಶಿಕ್ಷಕಿಯರು ಇರುವುದು ಜನವಸತಿಯ ದ್ವೀಪದಲ್ಲಿ, ಅಲ್ಲಿ ಇಡೀ ಊರಿಗೆ ಅಕ್ಕೋರ ದಿನಚರಿ ಬಾಯಿಪಾಠ. ಒಮಾನ್‌ನ 2018ರ ಸಂಹಿತೆಯೂ ಹೆಂಗಸರನ್ನು ಬಿಟ್ಟಿಲ್ಲ. ಆಫ್ರಿಕಾದಿಂದ ಕರೆ ಬಂದರೆ ಇಥಿಯೋಪಿಯಾ, ಟಾಂಜಾನಿಯಾಗಳಲ್ಲಿ ಇದು ಅಪರಾಧ, ಕೀನ್ಯಾದಲ್ಲೂ ಸಲಿಂಗ ಸಂಬಂಧದ ವಿರುದ್ಧ ಕಾನೂನಿದೆ. ಉಗಾಂಡಾದ 2023ರ ಕಾಯ್ದೆಯಂತೂ ಕೆಲವು ಸಂದರ್ಭಗಳಲ್ಲಿ ಮರಣದಂಡನೆಯವರೆಗೆ ಹೋಗುತ್ತದೆ.

ಭೂತಾನ್ ನೋಡಿ. ಭಾರತದ ಶಿಕ್ಷಕರನ್ನು ದಶಕಗಳಿಂದ ಕರೆಸಿಕೊಳ್ಳುತ್ತಿರುವ ದೇಶ, 2021ರಲ್ಲಿ ಇದನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಮಾರಿಷಸ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹಳೆಯ ಕಲಮನ್ನು ತಳ್ಳಿಹಾಕಿತು. ಕೆಲಸದಲ್ಲಿ ತಾರತಮ್ಯದ ವಿರುದ್ಧವೂ ಅಲ್ಲಿ ಕಾಯ್ದೆಯಿದೆ. ಸಿಂಗಾಪುರದಲ್ಲಿ ಇದನ್ನು ಅಪರಾಧವೆನ್ನುತ್ತಿದ್ದ 377ಎ ಕಲಮು 2023ರ ಜನವರಿಯಿಂದ ಇಲ್ಲ, ಅದು ಗಂಡಸರಿಗೆ ಸಂಬಂಧಿಸಿದ್ದು. ಕೆಲಸದಿಂದ ತೆಗೆದರೆ ರಕ್ಷಣೆ ಮಾತ್ರ ಅಲ್ಲಿ ಸಿಗದು. ಥಾಯ್ಲೆಂಡ್‌ನಲ್ಲಿ 2025ರ ಜನವರಿ 23ರಿಂದ ಮದುವೆಗೇ ಅವಕಾಶವಿದೆ. ಕಾನೂನು ತೆರೆದಿದ್ದರೂ ಊರು ಸಂಪ್ರದಾಯಸ್ಥವಾಗಿರಬಹುದು, ಭೂತಾನಿನ ಹಳ್ಳಿಯಲ್ಲಿ ಮೊದಲ ಒಂದು ವರ್ಷ ಸುಮ್ಮನೆ ನೋಡಿಕೊಂಡಿರಿ. ಆದರೆ ಅಲ್ಲಿ ವಿಷಯ ಹೊರಬಿದ್ದರೆ ಗುಸುಗುಸು ಎದ್ದೀತು, ಪೊಲೀಸರು ಬರುವುದಿಲ್ಲ. ನಮ್ಮ ಮಟ್ಟಿಗೆ ಈ ಒಂದು ವ್ಯತ್ಯಾಸಕ್ಕೆ ಅರ್ಧ ಸಂಬಳ ಬಿಟ್ಟರೂ ಸರಿಯೇ.

ಪ್ರಶ್ನೆ: ಗಲ್ಫ್ ವೀಸಾಕ್ಕೆ ಎಚ್‌ಐವಿ ಪರೀಕ್ಷೆ ಮಾಡುತ್ತಾರಂತೆ. ನನಗೆ ಸ್ವಲ್ಪ ಅನುಮಾನವಿದೆ. ಏನು ಮಾಡಲಿ?
— ಕಾರವಾರ

ಉತ್ತರ: ಇಲ್ಲಿಯ ಕೆಲಸಕ್ಕೆ ರಾಜೀನಾಮೆ ಕೊಡುವ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಸಲಹೆ ಮತ್ತು ಪರೀಕ್ಷೆಯ ಕೇಂದ್ರ) ಉಚಿತ, ಗೋಪ್ಯ. ಕಾರವಾರದಲ್ಲಿ ಪರಿಚಯದವರು ಸಿಗುತ್ತಾರೆಂದರೆ ಹುಬ್ಬಳ್ಳಿಗೆ ಹೋಗಿ. ಅನುಮಾನದ ಘಟನೆ ಇತ್ತೀಚಿನದಾದರೆ ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಮಾಡಿಸಿ, ಮೊದಲೇ ಮಾಡಿದ್ದು ಸುಳ್ಳು ಸಮಾಧಾನ ಕೊಡಬಹುದು. ಪಾಸಿಟಿವ್ ಬಂದರೆ ಗಲ್ಫ್ ದೇಶಗಳಲ್ಲಿ ವಾಸದ ವೀಸಾ ಸಿಗುವುದಿಲ್ಲ. ಅಲ್ಲಿಗೆ ಹೋದ ಮೇಲೆ ಗೊತ್ತಾದರೆ ಗಡೀಪಾರು. ಇಲ್ಲಿ ಹಾಗಲ್ಲ, ಎಚ್‌ಐವಿ ಹತೋಟಿಯಲ್ಲಿಡುವ ಎಆರ್‌ಟಿ ಔಷಧ ಉಚಿತ, 2017ರ ಎಚ್‌ಐವಿ ಕಾಯ್ದೆಯಡಿ ಈ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ಸಲಹೆಗೆ ಸಹಾಯವಾಣಿ 1097.

ಪ್ರಶ್ನೆ: ಮಸ್ಕತ್‌ನಲ್ಲಿ ಕಲಿಸುತ್ತಿದ್ದೇನೆ. ಆನ್‌ಲೈನ್‌ನಲ್ಲಿ ಪರಿಚಯವಾದ ಒಬ್ಬ ನಮ್ಮ ಚಾಟ್‌ಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಹಣ ಕೇಳುತ್ತಿದ್ದಾನೆ. ಕೊಡದಿದ್ದರೆ ಶಾಲೆಗೆ ಕಳಿಸುತ್ತಾನಂತೆ. ಒಮ್ಮೆ ಕೊಟ್ಟಿದ್ದೇನೆ.
— ಭಟ್ಕಳದವರು, ಸದ್ಯ ಒಮಾನ್

ಉತ್ತರ: ನಿಮಗೆ ಕೂಡಲೇ ಪ್ರತ್ಯೇಕವಾಗಿ ಬರೆದಿದ್ದೇವೆ. ಇದೇ ಸ್ಥಿತಿಯಲ್ಲಿರುವ ಬೇರೆಯವರಿಗಾಗಿ ಇಲ್ಲಿಯೂ ಹಾಕುತ್ತಿದ್ದೇವೆ.

ಎರಡನೇ ಸಲ ಕೊಡಬೇಡಿ. ಮೊದಲ ಸಲ ಕೊಟ್ಟದ್ದೇ ಅವನಿಗೆ ನೀವು ಕೊಡುವವರೆಂದು ತಿಳಿಸಿತು. ಬೈಯಬೇಡಿ, ಬೇಡಿಕೊಳ್ಳಬೇಡಿ, ಭೇಟಿಗೆ ಹೋಗಬೇಡಿ, ‘ಹೌದು, ನಾನು ಹೀಗೆ’ ಎಂದು ಬರಹದಲ್ಲಿ ಒಪ್ಪಿಕೊಳ್ಳಬೇಡಿ. ‘ಸಂಬಳ ಬರಲಿ’ ಎಂಬಷ್ಟೇ ಮಾತಿನಲ್ಲಿ ದಿನ ತಳ್ಳಿ. ಅವನ ನಂಬರ್, ಖಾತೆಯ ಹೆಸರು, ಹಣ ಕಳಿಸಿದ ರಸೀದಿ, ಬೆದರಿಕೆಯ ಸಂದೇಶ, ಇವನ್ನು ಊರಿನ ಒಬ್ಬ ನಂಬಿಗಸ್ತರಿಗೆ ಕಳಿಸಿ ನಿಮ್ಮ ಫೋನಿನಿಂದ ಅಳಿಸಿ.

ಅಲ್ಲಿನ ಪೊಲೀಸರ ಬಳಿ ಒಬ್ಬರೇ ಹೋಗಬೇಡಿ. ಒಮಾನ್‌ನಲ್ಲಿ ಸಲಿಂಗ ಸಂಬಂಧಕ್ಕೆ ಆರು ತಿಂಗಳಿಂದ ಮೂರು ವರ್ಷ ಜೈಲು. ಬೆದರಿಕೆಯ ದೂರು ಕೊಡಲು ಹೋದವರೇ ಆರೋಪಿಯಾಗುವ ಅಪಾಯವಿದೆ. ಮೊದಲು ಅಲ್ಲಿನ ವಕೀಲರೊಬ್ಬರನ್ನು ಕಾಣಿ. ಬೆದರಿಕೆ ಬಿಗಿಯಾಗುತ್ತಿದೆ ಅನ್ನಿಸಿದರೆ ಉಳಿದ ದಾರಿ ರಜೆ ಹಾಕಿ ಹೊರಟುಬಿಡುವುದು. ‘ಅಮ್ಮನಿಗೆ ಹುಷಾರಿಲ್ಲ’ ಎಂಬ ಕಾರಣಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ. ಟಿಕೆಟ್ ತೆಗೆಯುವ ಮೊದಲು ಬ್ಯಾಂಕ್ ಸಾಲ, ಕ್ರೆಡಿಟ್ ಕಾರ್ಡ್ ಬಾಕಿ ನೋಡಿ. ಸಾಲದ ಕೇಸಿದ್ದರೆ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಮೂಲ ಪ್ರಮಾಣಪತ್ರಗಳು ಕೈಚೀಲದಲ್ಲಿರಲಿ, ಉಳಿದ ಸಾಮಾನು ಹೋದರೆ ಹೋಗಲಿ.

ಹೊರಡುವ ಮೊದಲೇ ಹಿಡಿದರೆ: ಅರಬ್ಬಿಯಲ್ಲಿ ಬರೆದ, ನಿಮಗೆ ಅರ್ಥವಾಗದ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ದುಭಾಷಿಯನ್ನು ಕೇಳಿ. ‘ಭಾರತದ ರಾಯಭಾರ ಕಚೇರಿಗೆ ತಿಳಿಸಿ’ ಎಂಬ ಒಂದು ವಾಕ್ಯವನ್ನು ಬಿಡದೆ ಹೇಳುತ್ತಿರಿ. 1963ರ ವಿಯೆನ್ನಾ ಒಡಂಬಡಿಕೆಯಂತೆ ಅದು ನಿಮ್ಮ ಹಕ್ಕು. ವಕೀಲರ ಖರ್ಚಿಗೆ ಕೈಲಾಗದಿದ್ದರೆ ರಾಯಭಾರ ಕಚೇರಿಯಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ, ಅರ್ಜಿ ಕೊಡಬಹುದು.

ಊರಿಗೆ ಬಂದ ಮೇಲೆ ಸುಮ್ಮನಿರಬೇಡಿ. ಹಣ ಕೇಳಿದವನು ಭಾರತದವನಾಗಿದ್ದರೆ, ಅಥವಾ ಹಣ ಹೋದದ್ದು ಭಾರತದ ಖಾತೆಗಾದರೆ, ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಇಂಥ ದೂರು ನೋಡುವ ಕಾರವಾರದ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಹೆದರಿಸಿ ಹಣ ಕೀಳುವುದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನಡಿ ಅಪರಾಧ. ಠಾಣೆಯಲ್ಲಿ ಯಾರಾದರೂ ನಿಮ್ಮ ಚಾಟ್ ಓದಿ ಹುಬ್ಬೇರಿಸಿದರೆ, ಈ ದೇಶದಲ್ಲಿ ನೀವು ಮಾಡಿದ್ದು ತಪ್ಪಲ್ಲ, ಅವನು ಮಾಡಿದ್ದು ತಪ್ಪು ಎಂದು ಹೇಳಿ ದೂರಿನ ಸ್ವೀಕೃತಿ ಕೇಳಿ ಪಡೆಯಿರಿ.